ಕೆಸರಿನಿಂದ ನೀರು ಹಿಂಡುವ ವಿದ್ಯೆ

ಆಸಾಡಿಯ ಮಳೆ ಹಿಡಿದುಕೊಂಡಾಗ ಕುಂದಾಪುರ ಸೀಮೆಯ ಗುಲ್ವಾಡಿಯಂಥ ಊರುಗಳಲ್ಲಿ ಬಾವಿಯ ನೀರು ಕಟ್ಟೆಯ ಸಮೀಪಕ್ಕೆ ಏರುತ್ತದೆ. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾಯರ ಹೆಸರಿನ ಜೊತೆಗೆ ನಾಡಿಗೆಲ್ಲ ಪರಿಚಿತವಾದ ಊರು ಇದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯ ಬಳಿ ಕೂಡಿ ಕಡಲು ಸೇರುವ ಸೀಮೆ. ಇಲ್ಲಿನ ಮುರಕಲ್ಲಿನ ನೆಲ ಮೇಲೆ ಸುರಿದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಮನೆಯ ಹಿಂದಿನ ಶೌಚದ ಗುಂಡಿಗೂ ಅಂಗಳದ ಬಾವಿಗೂ ನಡುವೆ ಇರುವುದು ಇದೇ ತೂತು ತೂತಿನ ಕಲ್ಲು. ಹಾಗಾಗಿ ಕೊಳೆನೀರನ್ನು, ಅದರಲ್ಲೂ ಅದರ ತಳದಲ್ಲಿ ಉಳಿಯುವ ಕೆಸರನ್ನು ಏನು ಮಾಡಬೇಕೆಂಬ ಪ್ರಶ್ನೆ ಕರಾವಳಿಯವರಿಗೆ ಕುಡಿಯುವ ನೀರಿನ ಪ್ರಶ್ನೆಯೇ ಆಗಿದೆ.

ಈ ಕೆಸರನ್ನು ಪಳಗಿಸುವುದಕ್ಕೆ ಒಂದು ವಿದ್ಯೆಯಿದೆ. ಅದನ್ನು ಬಲ್ಲವರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಆಸ್ಪತ್ರೆಯ ಹಿಂಬದಿಯಲ್ಲಿ, ಮೀನು ಸಂಸ್ಕರಣೆಯ ಕಾರ್ಖಾನೆಯ ಮೂಲೆಯಲ್ಲಿ, ಊರಾಚೆಯ ನಗರಸಭೆಯ ಘಟಕದಲ್ಲಿ ಕೆಲಸ ಮಾಡುತ್ತಾರೆ. ‘ಎಸ್‌ಟಿಪಿ ಆಪರೇಟರ್’ (ಕೊಳೆನೀರು ಸಂಸ್ಕರಣಾ ಘಟಕ ನಡೆಸುವವರು) ಎಂಬ ಹೆಸರಿಟ್ಟು ನಾವು ಅವರನ್ನು ಮರೆತುಬಿಟ್ಟಿದ್ದೇವೆ. ಕೆಸರು ಹಿಂಡಲು ಬೇಕಾದ ರಾಸಾಯನಿಕದ ಖರ್ಚು ಏರಿತೆಂದರೆ ಮಾಲೀಕರು ಮೊದಲು ಮಾಡುವ ಕೆಲಸ ಇನ್ನೂ ಅಗ್ಗದ ಪುಡಿ ಹುಡುಕುವುದು. ಆದರೆ ಆ ಖರ್ಚು ನಿಜವಾಗಿ ಇಳಿಯುವುದು ಆಪರೇಟರ್‌ನ ಕಣ್ಣು, ಕೈ, ತಾಳ್ಮೆಗಳಿಂದ. ಆ ಕಸುಬನ್ನು ಹತ್ತಿರದಿಂದ ಪರಿಚಯಿಸುವುದು ಈ ಬರಹದ ಉದ್ದೇಶ.

ಮೊದಲು ಕೆಸರು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಬಾಟಲಿಯಲ್ಲಿ ಕೊಳೆನೀರು ತುಂಬಿ ಗಾಳಿ ಹಾಯಿಸಿದಾಗ ಅದು ಶುದ್ಧವಾಗಲು ಮೊದಲ ಸಲ ಐದು ವಾರದಷ್ಟು ಕಾಲ ಬೇಕಾಯಿತು. ಅವರು ಮೇಲಿನ ತಿಳಿನೀರನ್ನಷ್ಟೇ ಬಸಿದು, ತಳದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಮತ್ತೆ ಹೊಸ ಕೊಳೆನೀರು ಸುರಿದರು. ಹೀಗೆ ಮಾಡುತ್ತ ಹೋದಂತೆ ಶುದ್ಧಿಗೆ ಬೇಕಾದ ಕಾಲ ಇಳಿಯುತ್ತ ಬಂದು ಕೊನೆಗೆ ಒಂದು ದಿನದೊಳಕ್ಕೆ ಬಂತು. ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸುವ ಸೂಕ್ಷ್ಮಜೀವಿಗಳು ಆ ಕೆಸರಿನಲ್ಲೇ ಬೆಳೆಯುತ್ತಿದ್ದವು. ಈ ಕೆಲಸಕ್ಕೆ ದಾರಿ ತೋರಿದ ವಿಜ್ಞಾನಿ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಇಂದು ಜಗತ್ತಿನ ಬಹಳಷ್ಟು ಕೊಳೆನೀರು ಘಟಕಗಳನ್ನು ನಡೆಸುತ್ತಿರುವ ತತ್ತ್ವಕ್ಕೆ ಹೀಗೆ ಕರ್ನಾಟಕದ ಜೊತೆ ನೂರು ವರ್ಷಕ್ಕೂ ಮೀರಿದ ನಂಟಿದೆ.

ಕೊಳೆ ತಿಂದ ಜೀವಿಗಳು ಬೆಳೆಯುತ್ತವೆ, ಹೆಚ್ಚುತ್ತವೆ. ಹೆಚ್ಚಾದ ಕೆಸರನ್ನು ದಿನಾ ಹೊರಗೆ ತೆಗೆಯಲೇಬೇಕು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂಥ ದೊಡ್ಡ ಘಟಕವಿರಲಿ, ಐವತ್ತು ಮನೆಗಳ ಸಣ್ಣ ಘಟಕವಿರಲಿ, ತಿಳಿನೀರು ಆಚೆ ಹೋದಮೇಲೆ ಕೆಸರು ಹಿಂದೆ ಉಳಿಯುತ್ತದೆ. ನೀರಿನ ಕಥೆ ಎಲ್ಲರಿಗೂ ಗೊತ್ತು, ಕೆಸರಿನ ಕಥೆಯನ್ನು ಕೇಳುವವರು ಕಡಿಮೆ.

ಹೀಗೆ ಹೊರಬರುವ ಕೆಸರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ಘನಾಂಶ ಹೆಚ್ಚೆಂದರೆ ನೂರಕ್ಕೆ ಒಂದು. ಲೆಕ್ಕ ಹಾಕಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. 100 ಕಿಲೋ ಒಣ ಘನಾಂಶ ಇರುವ ಕೆಸರು ನೂರಕ್ಕೆ ಒಂದರ ಸಾಂದ್ರತೆಯಲ್ಲಿ 10,000 ಲೀಟರ್ ಆಗುತ್ತದೆ. ನೂರಕ್ಕೆ ಎರಡಕ್ಕೆ ದಪ್ಪವಾದರೆ 5,000 ಲೀಟರ್. ನೂರಕ್ಕೆ ನಾಲ್ಕಾದರೆ 2,500 ಲೀಟರ್. ಯಂತ್ರದಲ್ಲಿ ಹಿಂಡಿ ನೂರಕ್ಕೆ ಇಪ್ಪತ್ತರ ‘ಕೇಕ್’ ಮಾಡಿದರೆ ಬರೀ 500 ಕಿಲೋ. ಒಂದು ದೊಡ್ಡ ಟ್ಯಾಂಕರ್ ತುಂಬುತ್ತಿದ್ದದ್ದು ಸಣ್ಣ ಗೂಡ್ಸ್ ಗಾಡಿಯಲ್ಲಿ ಹಿಡಿಸುತ್ತದೆ. ಕೆಸರಿನ ವಿದ್ಯೆಯೆಂದರೆ ಮುಖ್ಯವಾಗಿ ನೀರು ಬೇರ್ಪಡಿಸುವ ವಿದ್ಯೆ.

ಆದರೆ ಈ ನೀರು ಸುಲಭಕ್ಕೆ ಬಿಡುವಂಥದ್ದಲ್ಲ. ಕೆಸರಿನ ಕಣಗಳು ಅತಿ ಸಣ್ಣವು. ಅವುಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಜೀವಿಗಳು ಸ್ರವಿಸುವ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಯೇ ಬಟ್ಟೆಯ ಮೇಲೆ ಸುರಿದು ಒತ್ತಿದರೆ ಕಣಗಳು ಬಟ್ಟೆಯ ಸಂದುಗಳನ್ನು ಮುಚ್ಚುತ್ತವೆ, ಇಲ್ಲವೇ ನೀರಿನೊಡನೆ ತೂರಿ ಹೋಗುತ್ತವೆ. ಇಲ್ಲಿ ರಾಸಾಯನಿಕ ಬೇಕಾಗುತ್ತದೆ. ಇಂದು ಹೆಚ್ಚಾಗಿ ಬಳಸುವುದು ‘ಪಾಲಿ’ ಎಂದೇ ಎಲ್ಲರೂ ಕರೆಯುವ ಪಾಲಿಎಲೆಕ್ಟ್ರೊಲೈಟ್. ಅದರ ಅಣುಗಳು ಬಹಳ ಉದ್ದನೆಯ ಸರಪಳಿಗಳು. ಕೆಸರಿಗೆ ಬಳಸುವ ಜಾತಿಯ ಪಾಲಿಯ ಮೈಮೇಲೆ ಧನ ವಿದ್ಯುದಂಶ ಇರುತ್ತದೆ. ಸರಪಳಿಯ ಒಂದು ತುದಿ ಒಂದು ಕಣಕ್ಕೆ, ಇನ್ನೊಂದು ತುದಿ ಮತ್ತೊಂದಕ್ಕೆ ಅಂಟಿ, ಕಣಗಳೆಲ್ಲ ಕೂಡಿ ಹರಳು ಹರಳಾಗುತ್ತವೆ. ಆಗ ನಡುವಿನ ನೀರು ಹರಿದು ಹೋಗಲು ದಾರಿ ಸಿಗುತ್ತದೆ.

ಪಾಲಿ ದುಬಾರಿ ವಸ್ತು. ಒಂದು ಟನ್ ಒಣ ಘನಾಂಶಕ್ಕೆ ಸಾಮಾನ್ಯವಾಗಿ 3ರಿಂದ 10 ಕಿಲೋವರೆಗೆ ಬೇಕಾಗಬಹುದು. ಮೂರಕ್ಕೂ ಹತ್ತಕ್ಕೂ ಇರುವ ಈ ಅಂತರದಲ್ಲೇ ಆಪರೇಟರ್‌ನ ಕುಶಲತೆ ಅಡಗಿದೆ.

ಕರಾವಳಿಯ ವಸತಿ ಸಮುಚ್ಚಯವೊಂದರ ಘಟಕದಲ್ಲಿ ಗುಲ್ವಾಡಿ ಕಡೆಯ ಆಪರೇಟರ್ ಒಬ್ಬರು ಈ ಪ್ರಮಾಣವನ್ನು ಕಂಡುಹಿಡಿಯುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅವರು ಆರು ಗಾಜಿನ ಜಾರುಗಳನ್ನು ಸಾಲಾಗಿ ಇಟ್ಟರು. ತೊಟ್ಟಿಯ ಕೆಸರನ್ನು ಚೆನ್ನಾಗಿ ಕಲಕಿ ಒಂದೊಂದಕ್ಕೂ ಅರ್ಧ ಲೀಟರ್ ಅಳೆದು ಹಾಕಿದರು. ನೂರಕ್ಕೆ ಎರಡರಷ್ಟು ದಪ್ಪದ ಕೆಸರು ಅದು, ಎಂದರೆ ಒಂದೊಂದು ಜಾರಿನಲ್ಲೂ 10 ಗ್ರಾಂ ಒಣ ಘನಾಂಶ. ಲೀಟರಿಗೆ 2 ಗ್ರಾಂ ಪುಡಿ ಕರಗಿಸಿದ ಪಾಲಿ ದ್ರಾವಣವನ್ನು ಸಿರಿಂಜಿನಲ್ಲಿ ಎಳೆದು ಮೊದಲ ಜಾರಿಗೆ 10 ಮಿಲಿಲೀಟರ್, ಎರಡನೆಯದಕ್ಕೆ 15, ಹೀಗೆ ಐದೈದು ಹೆಚ್ಚಿಸುತ್ತ ಆರನೆಯದಕ್ಕೆ 35 ಹಾಕಿದರು. ಟನ್ನಿನ ಲೆಕ್ಕಕ್ಕೆ ತಂದರೆ ಅವು 2, 3, 4, 5, 6, 7 ಕಿಲೋ ಆಗುತ್ತವೆ. ಕಾಗದ ಪೆನ್ನು ಇಲ್ಲದೆ ಅವರು ಆ ಲೆಕ್ಕ ಹೇಳಿದರು.

ಆಮೇಲೆ ಪ್ರತಿ ಜಾರಿನದನ್ನು ಇನ್ನೊಂದು ಖಾಲಿ ಜಾರಿಗೆ, ಅಲ್ಲಿಂದ ಮತ್ತೆ ಇದಕ್ಕೆ, ನಿಧಾನವಾಗಿ ಸುರಿದು ಸುರಿದು ಬೆರೆಸಿದರು. ಮೊದಲ ಜಾರಿನಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಸೂಜಿಮೊನೆಯಷ್ಟು ಕಣಗಳು ಎದ್ದವು, ನೀರು ಕದಡಿಯೇ ಇತ್ತು. ಮೂರನೆಯದರಲ್ಲಿ ಹರಳು ಕಟ್ಟಿತು, ಅಲುಗಿಸಿದರೆ ಒಡೆಯಿತು. ನಾಲ್ಕನೆಯದರಲ್ಲಿ ಹೆಸರುಕಾಳಿನಷ್ಟು ದಪ್ಪದ ಗಟ್ಟಿ ಹರಳುಗಳು, ನಡುವೆ ಜಾರಿನ ಆಚೆಬದಿ ಕಾಣುವಷ್ಟು ತಿಳಿನೀರು. ಐದನೆಯದು ಹೆಚ್ಚುಕಡಿಮೆ ಹಾಗೆಯೇ ಇತ್ತು. ಆರನೆಯದರಲ್ಲಿ ಮುದ್ದೆ ಮುದ್ದೆಯಾಗಿ ಗಾಜಿಗೆ ಅಂಟುತ್ತಿತ್ತು. ಅವರು ಘಟಕದ ಫಿಲ್ಟರ್ ಬಟ್ಟೆಯ ತುಂಡೊಂದನ್ನು ಆಲಿಕೆಯ ಮೇಲೆ ಹರಡಿ ಒಂದೊಂದನ್ನೇ ಸುರಿದು, ಒಂದು ನಿಮಿಷದಲ್ಲಿ ಎಷ್ಟು ನೀರು ಇಳಿಯಿತೆಂದು ಅಳೆದು ಪುಸ್ತಕದಲ್ಲಿ ಬರೆದರು. “ಕಾಣಿ, ನಾಕ್ನೇದೇ ಸಾಕ್. ಮುಂದಿಂದೆಲ್ಲ ದಂಡ” ಎಂದರು.

ಆ ಮಾತಿನಲ್ಲಿ ಇಡೀ ವಿದ್ಯೆಯ ಸಾರವಿದೆ. ಪಾಲಿ ಹೆಚ್ಚಾದರೆ ಹಣ ಪೋಲಾಗುವುದರ ಜೊತೆಗೆ ಕೆಲಸವೂ ಕೆಡುತ್ತದೆ. ಋಣ ಅಂಶವೆಲ್ಲ ತೀರಿದ ಮೇಲೆ ಉಳಿದ ಧನ ಅಂಶ ಕಣಗಳ ಮೈಮೇಲೆ ಕೂತು ಅವು ಮತ್ತೆ ಒಂದನ್ನೊಂದು ತಳ್ಳತೊಡಗುತ್ತವೆ. ಬಸಿದ ನೀರು ಲೋಳೆಯಾಗುತ್ತದೆ. ಕೆಸರು ಹಿಂಡುವ ಯಂತ್ರವಾದ ಫಿಲ್ಟರ್ ಪ್ರೆಸ್ಸಿನ ಬಟ್ಟೆಗೆ ಕೇಕ್ ಅಂಟಿ, ಅದನ್ನು ಕೆರೆದು ತೊಳೆಯುವುದೇ ಅರ್ಧ ದಿನದ ಕೆಲಸವಾಗುತ್ತದೆ. ಕೆಸರು ಸರಿಯಾಗಿ ಹಿಂಡುತ್ತಿಲ್ಲವೆಂದು ಕಂಡಾಗ ಅನುಭವವಿಲ್ಲದವರು ಇನ್ನಷ್ಟು ಪಾಲಿ ಸುರಿಯುತ್ತಾರೆ. ಅನುಭವಿ ಮೊದಲು ಬಸಿದ ನೀರನ್ನು ಕೈಗವಸು ಹಾಕಿದ ಬೆರಳಿನ ತುದಿಯಲ್ಲಿ ಮುಟ್ಟಿ ನೋಡುತ್ತಾನೆ. ಜಾರುತ್ತಿದ್ದರೆ ಪಂಪಿನ ತಿರುಪನ್ನು ಕಡಿಮೆಗೆ ತಿರುಗಿಸುತ್ತಾನೆ. ಬ್ರಿಟನ್ನಿನಲ್ಲಿ ಬಾಸ್ಕರ್‌ವಿಲ್ ಮತ್ತು ಗೇಲ್ ಎಂಬವರು ಕೆಸರು ಎಷ್ಟು ಸುಲಭವಾಗಿ ನೀರು ಬಿಡುತ್ತದೆಂದು ತಿಳಿಯಲು 1968ರಲ್ಲಿ ಒಂದು ಉಪಕರಣ ರೂಪಿಸಿದರು. ಕೆಸರಿನ ನೀರು ಹೀರುಕಾಗದದ ಮೇಲೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹರಡಲು ಎಷ್ಟು ಸೆಕೆಂಡು ಬೇಕೆಂದು ಅದು ಅಳೆಯುತ್ತದೆ. ದೊಡ್ಡ ಘಟಕಗಳಿಗೆ ಅದು ಒಳ್ಳೆಯ ಸಾಧನ. ಸಣ್ಣ ಘಟಕಕ್ಕೆ ಆರು ಜಾರು, ಒಂದು ಬಟ್ಟೆ, ಒಂದು ಗಡಿಯಾರ ಸಾಕು.

ಪ್ರಮಾಣ ಗೊತ್ತಾದ ಮೇಲೆ ಪಾಲಿ ಕರಗಿಸುವ ಹಂತ. ಅತಿ ಹೆಚ್ಚು ನಷ್ಟ ಆಗುವುದು ಇಲ್ಲಿಯೇ. ಪುಡಿಯನ್ನು ಒಮ್ಮೆಲೇ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಗಂಟಿನ ಹೊರಮೈ ಮಾತ್ರ ನೆಂದು ಒಳಗೆ ಒಣಪುಡಿ ಹಾಗೆಯೇ ಉಳಿಯುತ್ತದೆ. ಅದು ಕೆಸರಿಗೆ ಉಪಯೋಗಕ್ಕೆ ಬಾರದು, ಪಂಪಿನ ಬಾಯಿಯನ್ನೂ ಕಟ್ಟುತ್ತದೆ. ಉಪ್ಪಿಟ್ಟಿಗೆ ಒಂದು ಕೈಯಲ್ಲಿ ರವೆ ಉದುರಿಸುತ್ತ ಇನ್ನೊಂದು ಕೈಯಲ್ಲಿ ಕೈಯಾಡಿಸುವ ಹಾಗೆ, ತಿರುಗುತ್ತಿರುವ ನೀರಿನ ಸುಳಿಗೆ ಚೂರು ಚೂರೇ ಉದುರಿಸಬೇಕು. ಪುಡಿಯೆಲ್ಲ ನೆಂದ ಮೇಲೆ ಕಲಕುವ ವೇಗ ತಗ್ಗಿಸಬೇಕು. ಜೋರಾಗಿ ಕಲಕುತ್ತಲೇ ಇದ್ದರೆ ಆ ಉದ್ದನೆಯ ಸರಪಳಿಗಳು ತುಂಡಾಗುತ್ತವೆ, ತುಂಡಾದ ಸರಪಳಿ ಎರಡು ಕಣಗಳನ್ನು ಹಿಡಿದಿಡಲಾರದು. ಅರ್ಧದಿಂದ ಒಂದು ಗಂಟೆ ಬಿಟ್ಟರೆ ಸುರುಳಿ ಸುತ್ತಿಕೊಂಡ ಸರಪಳಿಗಳು ಬಿಚ್ಚಿಕೊಳ್ಳುತ್ತವೆ. ಆ ಕಾಯುವಿಕೆಯೇ ದೊಡ್ಡ ಉಳಿತಾಯ. “ಗಡ್ಬಿಡಿ ಮಾಡುಕಾಗ” ಎಂದು ಆ ಆಪರೇಟರ್ ತಮ್ಮ ಸಹಾಯಕನಿಗೆ ಎರಡು ಸಲ ಹೇಳಿದ್ದು ಇದನ್ನೇ.

ಕರಾವಳಿಯಲ್ಲಿ ಇನ್ನೆರಡು ಎಚ್ಚರ ಬೇಕು. ಮೊದಲನೆಯದು ಮಳೆಗಾಲದ ತೇವ. ಬಾಯಿ ತೆರೆದಿಟ್ಟ ಚೀಲದ ಪಾಲಿ ಗಾಳಿಯ ಪಸೆ ಹೀರಿ ಗಟ್ಟಿಯಾಗುತ್ತದೆ. ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಎರಡನೆಯದು ಕರಗಿಸುವ ನೀರು. ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಸೇರಿಕೊಳ್ಳುತ್ತದೆ. ಉಪ್ಪು ನೀರಿನಲ್ಲೂ ಗಡಸು ನೀರಿನಲ್ಲೂ ಪಾಲಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಕ್ಲೋರಿನ್ ಹೆಚ್ಚಿರುವ ನೀರಿನಲ್ಲಿ ಸರಪಳಿ ಕಡಿಯುತ್ತದೆ. ಒಳ್ಳೆಯ ಸಿಹಿನೀರು ಸಿಕ್ಕರೆ ಅದೇ ಪುಡಿ ಹೆಚ್ಚು ಕೆಲಸ ಮಾಡುತ್ತದೆ. ತೆಳು ದ್ರಾವಣ ದಿನ ಕಳೆದಂತೆ ಸತ್ವ ಕಳೆದುಕೊಳ್ಳುವುದರಿಂದ ಅಂದಿನದನ್ನು ಅಂದೇ ಮಾಡಿ ಅಂದೇ ಮುಗಿಸಬೇಕು.

ಜಾಣ ಆಪರೇಟರ್ ಪಾಲಿಯ ಡ್ರಮ್ಮಿನ ಹತ್ತಿರ ಹೋಗುವ ಮೊದಲೇ ಅರ್ಧ ಉಳಿತಾಯ ಮಾಡಿರುತ್ತಾನೆ. ಕೆಸರನ್ನು ತೊಟ್ಟಿಯಲ್ಲಿ ಕೆಲವು ಗಂಟೆ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮತ್ತೆ ಘಟಕಕ್ಕೇ ಬಿಡುತ್ತಾನೆ. ಹೀಗೆ ದಪ್ಪವಾದ ಕೆಸರಿನಲ್ಲಿ ಪಾಲಿ ಕಣಗಳನ್ನು ಬೇಗ ತಲುಪುತ್ತದೆ, ಯಂತ್ರ ಓಡಿಸುವ ಹೊತ್ತೂ ಕಡಿಮೆಯಾಗುತ್ತದೆ. ಆದರೆ ದಿನಗಟ್ಟಲೆ ಬಿಡುವಂತಿಲ್ಲ. ಗಾಳಿಯಿಲ್ಲದೆ ಕೊಳೆತು ಕಪ್ಪಾಗಿ ನಾರುವ ಕೆಸರಿನ ಹರಳುಗಳು ಒಡೆದು ನುಣ್ಣನೆಯ ಕಣಗಳಾಗುತ್ತವೆ. ಅದಕ್ಕೆ ಇನ್ನಷ್ಟು ಪಾಲಿ ಬೇಕು. ಭಾನುವಾರದ ರಜೆಗೆಂದು ಕೆಸರು ಕೂಡಿಟ್ಟರೆ ಸೋಮವಾರ ಅದರ ದಂಡ ತೆರಬೇಕಾಗುತ್ತದೆ. ಗಾಳಿ ಹಾಯಿಸುವ ತೊಟ್ಟಿಯಲ್ಲಿ ಜೀವಿಗಳನ್ನು ಹೆಚ್ಚು ದಿನ ಉಳಿಸಿಕೊಂಡರೆ ಅವು ತಮ್ಮ ಒಡಲನ್ನೇ ಸವೆಸಿಕೊಂಡು ಕೆಸರು ಕಡಿಮೆ ಹುಟ್ಟುತ್ತದೆ. ದೊಡ್ಡ ಘಟಕಗಳಲ್ಲಿ ಗಾಳಿಯಾಡದ ಜೀರ್ಣಕ ತೊಟ್ಟಿ ಕೆಸರಿನ ಸಾವಯವ ಅಂಶದ ಅರ್ಧಕ್ಕೆ ಹತ್ತಿರದಷ್ಟನ್ನು ಅನಿಲವಾಗಿಸುತ್ತದೆ. ಹುಟ್ಟದ ಕೆಸರಿಗೆ ರಾಸಾಯನಿಕವೇ ಬೇಡ.

ಕೊನೆಗೆ ಕಟ್ಟಿದ ಹರಳನ್ನು ಕಾಪಾಡುವ ಕೆಲಸ. ಪಾಲಿ ಸೇರಿದ ಮೇಲೆ ಕೆಸರನ್ನು ರಭಸದ ಪಂಪಿನಿಂದ ತಳ್ಳಿದರೆ ಹರಳುಗಳು ಪುಡಿಯಾಗುತ್ತವೆ. ಸ್ಕ್ರೂ ಪಂಪಿನಂಥ ಮೆತ್ತಗಿನ ಪಂಪು ಬೇಕು, ಪಾಲಿ ಸೇರಿಸುವ ಜಾಗವೂ ಸರಿಯಿರಬೇಕು. ಯಂತ್ರಕ್ಕೆ ತೀರಾ ಹತ್ತಿರವಾದರೆ ಬೆರೆಯಲು ಹೊತ್ತು ಸಿಗದು, ತೀರಾ ದೂರವಾದರೆ ಕಟ್ಟಿದ್ದು ಒಡೆಯುತ್ತದೆ. ಕೊಳವೆಯ ಎರಡು ಮೂರು ಕಡೆ ತೂತು ಇಟ್ಟುಕೊಂಡು ಎಲ್ಲಿ ಸೇರಿಸಿದರೆ ಕೇಕ್ ಗಟ್ಟಿಯಾಗಿ ಬರುತ್ತದೆಂದು ನೋಡುವ ಆಪರೇಟರ್‌ಗಳಿದ್ದಾರೆ.

ಇದೆಲ್ಲ ಸೇರಿ ಎಷ್ಟು ಉಳಿದೀತು? ದಿನಕ್ಕೆ ಒಂದು ಟನ್ ಒಣ ಘನಾಂಶ ಬರುವ ಘಟಕ ಎಂದಿಟ್ಟುಕೊಳ್ಳಿ. ಟನ್ನಿಗೆ 8 ಕಿಲೋ ಬಳಸುತ್ತಿದ್ದವರು 5 ಕಿಲೋಗೆ ಇಳಿದರೆ ದಿನಕ್ಕೆ 3 ಕಿಲೋ, ವರ್ಷಕ್ಕೆ 1,095 ಕಿಲೋ ಉಳಿಯುತ್ತದೆ. ಕಿಲೋಗೆ 250 ರೂಪಾಯಿಯ ಲೆಕ್ಕ ಹಿಡಿದರೆ 2,73,750 ರೂಪಾಯಿ. ಈ ಉಳಿತಾಯಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಆದರೆ ಪಾಲಿಯ ಬಿಲ್ಲನ್ನು ಮಾತ್ರ ನೋಡಿ ತೀರ್ಮಾನಿಸುವುದೂ ತಪ್ಪು. ಪಾಲಿ ತೀರಾ ಕಡಿಮೆ ಮಾಡಿ ಒದ್ದೆ ಕೇಕ್ ತೆಗೆದರೆ ಸಾಗಣೆಯ ಬಾಡಿಗೆ ಏರುತ್ತದೆ. ಸುಣ್ಣ ಮತ್ತು ಫೆರಿಕ್ ಕ್ಲೋರೈಡಿನ ಹಳೆಯ ಪದ್ಧತಿಯಲ್ಲಿ ಕಿಲೋದ ಬೆಲೆ ಕಡಿಮೆ, ಆದರೆ ಪ್ರಮಾಣ ಬಹಳ ಹೆಚ್ಚು, ಮತ್ತು ಹಾಕಿದ ಸುಣ್ಣವೂ ಕೆಸರಿನ ತೂಕಕ್ಕೇ ಸೇರುತ್ತದೆ. ಪುಡಿ, ವಿದ್ಯುತ್ತು, ಕೂಲಿ, ಸಾಗಣೆ ಎಲ್ಲ ಕೂಡಿಸಿ ಒಂದು ಟನ್ ಒಣ ಘನಾಂಶಕ್ಕೆ ಎಷ್ಟಾಯಿತೆಂದು ನೋಡುವುದೇ ಸರಿಯಾದ ಲೆಕ್ಕ.

ಪಾಲಿಯ ಬದಲು ಬೇರೆ ವಸ್ತು ಆಗದೇ ಎಂದು ಕೇಳಬಹುದು. ನೀರು ತಿಳಿಯಾಗಿಸುವ ಬೀಜಗಳ ವಿಷಯ ನಮ್ಮ ಹಿರಿಯರಿಗೂ ಗೊತ್ತಿತ್ತು. ಸಂಸ್ಕೃತದಲ್ಲಿ ಕತಕ ಎನ್ನುವ ಚಿಲ್ಲದ ಬೀಜವನ್ನು ತೇಯ್ದು ಕದಡಿದ ನೀರಿಗೆ ಹಾಕುವ ರೂಢಿ ಬಹಳ ಹಳೆಯದು, ಮನುಸ್ಮೃತಿಯಲ್ಲೂ ಅದರ ಮಾತು ಬರುತ್ತದೆ. ನುಗ್ಗೆ ಬೀಜದಲ್ಲಿ ಧನ ವಿದ್ಯುದಂಶದ ಪ್ರೋಟೀನು ಇದೆ, ಪಾಲಿ ಮಾಡುವ ಕೆಲಸವನ್ನೇ ಅದು ಸಣ್ಣ ಮಟ್ಟದಲ್ಲಿ ಮಾಡುತ್ತದೆ. ಕುಡಿಯುವ ನೀರಿನ ಕದಡು ಇಳಿಸಲು ಇವು ಯೋಗ್ಯ. ದಿನಕ್ಕೆ ಟನ್‌ಗಟ್ಟಲೆ ಕೆಸರು ಬರುವಲ್ಲಿ ಇವುಗಳಿಂದಲೇ ಕೆಲಸ ಸಾಗದು.

ರಾಸಾಯನಿಕವನ್ನೇ ಬಿಟ್ಟು ಕೆಸರು ಒಣಗಿಸುವ ದೊಡ್ಡ ಪಾಠ ನಮಗೆ ದೇವನಹಳ್ಳಿಯಲ್ಲಿ ಸಿಗುತ್ತದೆ. ಒಳಚರಂಡಿ ಇಲ್ಲದ ಆ ಊರಿನಲ್ಲಿ 2015ರಲ್ಲಿ ಪುರಸಭೆ ಮತ್ತು ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ಸೇರಿ, ಗುಂಡಿಗಳಿಂದ ಟ್ಯಾಂಕರಿನಲ್ಲಿ ಬರುವ ಮಲತ್ಯಾಜ್ಯಕ್ಕೆ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಘಟಕ ಕಟ್ಟಿದವು. ದೇಶದಲ್ಲಿ ಪಟ್ಟಣವೊಂದಕ್ಕೆಂದೇ ಕಟ್ಟಿದ ಈ ಬಗೆಯ ಮೊದಲ ಘಟಕ ಅದು. ಅಲ್ಲಿ ಕೆಸರು ಮೊದಲು ಜೈವಿಕ ಅನಿಲದ ತೊಟ್ಟಿಯಲ್ಲಿ, ಆಮೇಲೆ ಸ್ಥಿರೀಕರಣ ತೊಟ್ಟಿಯಲ್ಲಿ ಹಣ್ಣಾಗುತ್ತದೆ. ನಂತರ ಒಣಗಿಸುವ ಪಾತಿಗೆ ಬರುತ್ತದೆ. ಇಂಥ ಪಾತಿಯ ಮೇಲೆ ಮರಳು, ಕೆಳಗೆ ಜಲ್ಲಿ, ಅದರ ಕೆಳಗೆ ತೂತಿನ ಕೊಳವೆ. ಮೊದಲ ಕೆಲವು ದಿನ ನೀರು ಕೆಳಗಿಳಿಯುತ್ತದೆ, ಉಳಿದದ್ದನ್ನು ಬಿಸಿಲು ಗಾಳಿ ಎಳೆಯುತ್ತವೆ. ಕೆಸರು ಬಿರುಕು ಬಿಟ್ಟು ಹೆಂಟೆಯಾದಾಗ ಸಲಿಕೆಯಿಂದ ಎತ್ತಬಹುದು. ಇಳಿದ ನೀರು ಗಿಡ ನೆಟ್ಟ ಜಲ್ಲಿಯ ಸೋಸುಪಾತಿಯ ಮೂಲಕ ಹಾದು ಶುದ್ಧವಾಗುತ್ತದೆ. ಒಣ ಕೆಸರನ್ನು ಪಟ್ಟಣದ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ರಾಶಿಯ ಒಳಗಿನ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಜಂತುಹುಳದ ಮೊಟ್ಟೆಗಳೂ ಸಾಯುತ್ತವೆ. ಪಾಲಿಯ ಜಾಗದಲ್ಲಿ ಇಲ್ಲಿ ಸ್ಥಳ, ಸಮಯ ಮತ್ತು ಸೂರ್ಯನನ್ನು ಬಳಸಲಾಗಿದೆ.

ಬಯಲುಸೀಮೆಯ ಈ ಉಪಾಯ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮಲ್ಲಿ ಹಾಗೆಯೇ ನಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಪಾತಿಯೆಂದರೆ ಕೆರೆಯೇ. ಆದರೆ ಅಡಿಕೆ ಒಣಗಿಸಲು ಕರಾವಳಿಯ ರೈತರು ಕಟ್ಟುವ ಪಾರದರ್ಶಕ ಚಾವಣಿಯನ್ನು, ಗಾಳಿಯಾಡುವಂತೆ ಬದಿಗಳನ್ನು ಬಿಟ್ಟು, ಪಾತಿಯ ಮೇಲೂ ಕಟ್ಟಬಹುದು. ಬೇಸಿಗೆಯಲ್ಲಿ ಪಾತಿ, ಮಳೆಗಾಲದಲ್ಲಿ ಪ್ರೆಸ್ ಎಂದು ಹಂಚಿಕೊಂಡರೂ ವರ್ಷದ ಪಾಲಿ ಖರ್ಚು ಬಹಳಷ್ಟು ಇಳಿಯುತ್ತದೆ. ನೆರೆಯ ದಕ್ಷಿಣ ಕನ್ನಡದ ಉಜಿರೆಯಲ್ಲಿ ಗ್ರಾಮ ಮಟ್ಟದಲ್ಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಬಂದಿದೆ. ಗುಲ್ವಾಡಿಯಂಥ ಊರುಗಳಿಗೆ ದಾರಿ ಅದೇ. ಅಂತರ್ಜಲ ಕೆಳಗಿರುವ ಎತ್ತರದ ಜಾಗದಲ್ಲಿ ಎರಡು ಗುಂಡಿಯ ಶೌಚಾಲಯ ಒಳ್ಳೆಯದು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ಮಣ್ಣಿನಂತಾಗುತ್ತದೆ. ಮಳೆಗಾಲದಲ್ಲಿ ನೀರು ಮೇಲೇರುವ ತಗ್ಗಿನಲ್ಲಿ ಸೋರದ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಅದರ ಕೆಸರನ್ನು ಹತ್ತಾರು ಪಂಚಾಯಿತಿಗಳು ಸೇರಿ ನಡೆಸುವ ಘಟಕಕ್ಕೆ ಕಳಿಸಬೇಕು.

ಈ ಕಸುಬನ್ನು ಕಲಿಯಲು ಪುಸ್ತಕಗಳಿವೆ. ಅನಂತ ಕೊಡವಸಲ್ ಅವರು ಬರೆದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಪ್ರಕಟಿಸಿದ ಎಸ್‌ಟಿಪಿ ಕೈಪಿಡಿ ಘಟಕದ ವಿನ್ಯಾಸ, ನಿರ್ವಹಣೆಗಳನ್ನು ಚಿತ್ರಸಹಿತ ತಿಳಿಸುತ್ತದೆ. ಅದು ಇಂಗ್ಲಿಷಿನಲ್ಲಿದೆ. ಪಾಲಿಯ ಡ್ರಮ್ಮಿನ ಪಕ್ಕ ನಿಲ್ಲುವವರ ಕೈಗೆ ಇಂಥ ತಿಳಿವಳಿಕೆ ಕನ್ನಡದಲ್ಲಿ ಸಿಗಬೇಕು. ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳೊಳಗೆ ಮನುಷ್ಯರನ್ನು ಇಳಿಸುವುದನ್ನು, ಕೈಯಿಂದ ಮಲ ಬಾಚುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆಯ ಆಶಯ ಪೂರ್ತಿಯಾಗುವುದು ಹೊರಗೆ ನಿಂತು ಕೆಲಸ ಮಾಡುವವರನ್ನು ನುರಿತ ಕಸುಬುದಾರರೆಂದು ಗೌರವಿಸಿದಾಗ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ, ಕಾರ್ಖಾನೆಯಲ್ಲಿ, ಪಂಚಾಯಿತಿಯಲ್ಲಿ ಕೊಳೆನೀರಿನ ಘಟಕವಿದ್ದರೆ ಒಮ್ಮೆ ಅಲ್ಲಿಗೆ ಹೋಗಿ. ಆಪರೇಟರ್ ಬಳಿ ಅಳತೆಯ ಜಾರುಗಳು, ಕೈಗವಸು, ತೂಕದ ಯಂತ್ರ, ಬರೆದಿಡಲು ಒಂದು ಪುಸ್ತಕ ಇವೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಕೊಡಿಸಿ. ಅವರು ಉಳಿಸಿದ ಹಣದಲ್ಲಿ ಒಂದು ಪಾಲನ್ನು ಅವರ ಸಂಬಳಕ್ಕೆ ಸೇರಿಸಿ. ಕೆಸರಿನ ಖರ್ಚು ತಗ್ಗಿಸಲು ಇದಕ್ಕಿಂತ ಅಗ್ಗದ ದಾರಿ ಬೇರೆಯಿಲ್ಲ.